ನಮ್ಮ ಶಾಮಿಯಾನ ಆನ್‌ಲೈನಿಗೆ ಹೋದದ್ದು

ನಮ್ಮ ಅಂಗಡಿಯ ಫೋನು ನನ್ನ ಹತ್ತಿರ ಇರುತ್ತದೆ. ಯಜಮಾನರು ಹಗಲೆಲ್ಲ ಯಾರದೋ ಮನೆ ಮುಂದೆ ಏಣಿಯ ಮೇಲೆ ನಿಂತಿರುತ್ತಾರೆ. ಒಂದು ಕೈಯಲ್ಲಿ ಗಳ, ಇನ್ನೊಂದು ಕೈಯಲ್ಲಿ ಹಗ್ಗ. ಫೋನು ಹಿಡಿಯಲು ಮೂರನೆಯ ಕೈ ಇಲ್ಲದ ಕಾರಣ ಅದು ನನ್ನ ಪಾಲಿಗೆ ಬಂತು. ತಿರುಮಕೂಡಲು ನರಸೀಪುರದಲ್ಲಿ ನಾವು ಶಾಮಿಯಾನ, ಕುರ್ಚಿ ಮತ್ತು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತೇವೆ. ನಾನು ಮದುವೆಯಾಗಿ ಬಂದಾಗ ಈ ಅಂಗಡಿ ಇತ್ತು. ನಮ್ಮ ಮದುವೆಯ ಚಪ್ಪರಕ್ಕೂ ಇದೇ ಅಂಗಡಿಯ ಬಟ್ಟೆ ಹಾಕಿದ್ದರು. ಮೂಲೆಯಲ್ಲಿ ಒಂದು ತೂತಿತ್ತು. ಈಗಲೂ ಇದೆ.

ಒಂದು ದಿನ ಮಧ್ಯಾಹ್ನ ಒಬ್ಬ ಹುಡುಗಿ ಫೋನು ಮಾಡಿದಳು. ಅಂಗಡಿಗಳ ವಿಳಾಸಗಳನ್ನು ಆನ್‌ಲೈನಿನಲ್ಲಿ ಹಾಕುವ ಒಂದು ಕಂಪನಿಯ ಹೆಸರು ಹೇಳಿದಳು. ದನಿ ಬಹಳ ಮರ್ಯಾದೆಯದು.

"ಮೇಡಂ, ನಿಮ್ಮ ಬಿಸಿನೆಸ್ ಎಲ್ಲೂ ಕಾಣಿಸ್ತಾ ಇಲ್ಲ."

"ರೋಡ್ ಪಕ್ಕದಲ್ಲೇ ಇದ್ದೀವಿ ಕಣವ್ವ. ಬಸ್ಸಲ್ಲಿ ಕೂತಿದ್ರೂ ಕಾಣ್ತದೆ," ಎಂದೆ.

ಅವಳು ನಗಲಿಲ್ಲ. ಜನ ಈಗ ರಸ್ತೆಯಲ್ಲಿ ಹುಡುಕುವುದಿಲ್ಲ, ಫೋನಿನಲ್ಲಿ ಹುಡುಕುತ್ತಾರೆ, ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಶಾಮಿಯಾನ ಎಂದು ಹುಡುಕಿದವರಿಗೆಲ್ಲ ನಮ್ಮ ಅಂಗಡಿಯೇ ಮೊದಲು ಕಾಣುವ ಹಾಗೆ ಮಾಡುತ್ತೇವೆ ಎಂದಳು. ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದು ಫೋನಿಟ್ಟೆ. ಬೇಡ ಎನ್ನಲು ಮನಸ್ಸು ಬಾರದಿದ್ದಾಗ ಹೆಂಗಸರು ಹೇಳುವ ಮಾತು ಅದು. ಅವಳಿಗೆ ಅದು ಗೊತ್ತಿತ್ತು ಎಂದು ಕಾಣುತ್ತದೆ. ಮಾರನೆಯ ದಿನ ಮತ್ತೆ ಫೋನು ಮಾಡಿ, "ಕೇಳಿದ್ರಾ ಮೇಡಂ?" ಎಂದಳು.

ನಮ್ಮ ಕಸುಬಿನಲ್ಲಿ ಜಾಹೀರಾತು ಎಂದರೆ ಕುರ್ಚಿಯ ಬೆನ್ನು. ಅಲ್ಲಿ ಅಂಗಡಿಯ ಹೆಸರು, ಊರು, ಫೋನ್ ನಂಬರು ಬರೆಸಿರುತ್ತೇವೆ. ಮುಹೂರ್ತ ತಡವಾದರೆ ಜನ ಮುಂದಿನ ಸಾಲಿನ ಕುರ್ಚಿಯ ಬೆನ್ನನ್ನು ನೋಡುತ್ತಾ ಕೂರುತ್ತಾರೆ. ಬೇರೇನೂ ಓದಲು ಇರುವುದಿಲ್ಲ. ತಟ್ಟೆ, ಕೊಳಗ, ಸೌಟುಗಳ ಮೇಲೂ ಹೆಸರು ಕೆತ್ತಿಸಿರುತ್ತೇವೆ. ಅವು ಕಳೆದುಹೋಗದಿರಲಿ ಎಂದು. ಆದರೂ ಕಳೆಯುತ್ತವೆ. ನಂಜನಗೂಡಿಗೆ ಹೋಗುವ ದಾರಿಯಲ್ಲಿ ಒಂದು ಸಲೂನಿನಲ್ಲಿ ನಮ್ಮ ಕುರ್ಚಿಯೊಂದು ಇತ್ತು. ಯಾವ ಮದುವೆಯಿಂದ ಅಲ್ಲಿಗೆ ಹೋಯಿತೋ ತಿಳಿಯದು. ಕಾಯುವವರು ಅದರಲ್ಲಿ ಕೂರುತ್ತಿದ್ದರು. ಆ ಕಡೆಯಿಂದ ನಮಗೆ ಆಗಾಗ ಕೆಲಸ ಬರುತ್ತಿತ್ತು. ನಂಬರು ಎಲ್ಲಿ ಸಿಕ್ಕಿತು ಎಂದು ಕೇಳಿದರೆ, "ಕಟಿಂಗ್ ಮಾಡುಸ್ಕೊಳಾಕೋಗಿದ್ದೆ," ಎನ್ನುತ್ತಿದ್ದರು. ಯಜಮಾನರು ಒಂದು ಸಲ ಆ ಕುರ್ಚಿಯನ್ನು ವಾಪಸು ತರಲೆಂದೇ ಹೋದರು. ಅದರಲ್ಲೇ ಕೂತು ಸರದಿ ಕಾದು, ಗಡ್ಡ ಮಾಡಿಸಿಕೊಂಡು, ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದರು.

ಹೀಗಾಗಿ ಹುಡುಗಿಯ ಮಾತು ನನಗೆ ಬೇಕಾಗಿರಲಿಲ್ಲ. ಯಜಮಾನರಿಗೂ ಬೇಕಾಗಿರಲಿಲ್ಲ. ಆದರೆ ನಮ್ಮ ಎದುರಿಗೆ ಇನ್ನೊಂದು ಶಾಮಿಯಾನ ಅಂಗಡಿ ಇದೆ. ಅದರ ಮಾಲೀಕ ನಮಗಿಂತ ಚಿಕ್ಕವನು. ಯಜಮಾನರನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ ಎನ್ನುತ್ತಾನೆ, ಲಗ್ನದ ದಿನಗಳಲ್ಲಿ ನಮ್ಮ ಕುರ್ಚಿಗಳನ್ನು ತೆಗೆದುಕೊಂಡು ಹೋಗುತ್ತಾನೆ. ಅವನು ಆ ಕಂಪನಿಗೆ ಹಣ ಕಟ್ಟಿಬಿಟ್ಟ. ಅಂಗಡಿಯ ಗಾಜಿನ ಮೇಲೆ ಒಂದು ಸ್ಟಿಕರ್ ಬಂತು. ಅವನ ಫೋನು ಹೊಡೆದುಕೊಳ್ಳಲು ಶುರುವಾಯಿತು.

ಯಜಮಾನರು ಕೂರುವ ಜಾಗ ಬದಲಾಯಿತು. ಮೊದಲು ಒಳಗೆ ಪಾತ್ರೆಗಳ ಪಕ್ಕ ಕೂರುತ್ತಿದ್ದರು, ಈಗ ಬಾಗಿಲಲ್ಲಿ. ಎದುರು ಫೋನು ಬಂದಾಗಲೆಲ್ಲ ಅವರ ಕೈ ತಮ್ಮ ಜೇಬಿಗೆ ಹೋಗುತ್ತಿತ್ತು. ಜೇಬಿನಲ್ಲಿ ಫೋನು ಇರಲಿಲ್ಲ, ಅದು ನನ್ನ ಹತ್ತಿರ ಇತ್ತು. ಕೆಲವು ದಿನ ಹೀಗೇ ನಡೆದ ಮೇಲೆ ಊಟ ಮಾಡುತ್ತಾ ಕೇಳಿದರು.

"ಆ ಉಡ್ಗಿ ಮತ್ತೆ ಫೋನ್ ಮಾಡಿದ್ಲಾ?"

"ದಿನಾ ಮಾಡ್ತಾಳೆ."

"ನಾವೂ ಆಕ್ಸುಬುಡಾನ."

"ಯಾಕ್ರೀ? ಇರೋ ಕೆಲ್ಸಕ್ಕೇ ಗಳ ಸಾಲಲ್ಲ."

"ಸುಮ್ನೆ. ಒಂದ್ ವರ್ಸ ನೋಡಾನ."

ಅವರು ಸುಮ್ಮನೆ ಎಂದರೆ ನಿರ್ಧಾರ ಆಗಿದೆ ಎಂದು ಅರ್ಥ. ಮಾರನೆಯ ದಿನ ಹುಡುಗಿಗೆ ಹೂಂ ಎಂದೆ. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೂರು ಬಗೆ ಇವೆ ಎಂದಳು. ಯಜಮಾನರು ದೂರದಿಂದಲೇ, "ಬೆಳ್ಳಿ ಸಾಕು ಅನ್ನು," ಎಂದರು. ನಮ್ಮ ಮದುವೆಯಲ್ಲಿ ಒಡವೆ ಕೊಳ್ಳುವಾಗಲೂ ಅವರು ಹೀಗೇ ದೂರ ನಿಂತಿದ್ದರು.

ಆಮೇಲೆ ಪ್ರಶ್ನೆಗಳು ಶುರುವಾದವು.

"ಮೇಡಂ, ನಿಮ್ಮದು ಟೆಂಟ್ ಹೌಸಾ, ಇವೆಂಟ್ ಮ್ಯಾನೇಜ್‌ಮೆಂಟಾ?"

"ಶಾಮಿಯಾನ."

"ಯಾವ ಯಾವ ಫಂಕ್ಷನ್ ಮಾಡ್ತೀರಾ?"

"ಮದ್ವೆ, ನಾಮಕರಣ, ಗೃಹಪ್ರವೇಶ, ಮೈನೆರೆದ ಉಡ್ಗೀರ್ಗೆ ಆರತಿ. ಸಾವು."

"ಸಾವಿಗೂ ಕೊಡ್ತೀರಾ?"

"ಸಾವಿಗೇ ಜಾಸ್ತಿ. ಮದ್ವೆಗೆ ಚೌಲ್ಟ್ರಿಗೋಯ್ತಾರೆ. ಸಾವು ಮನೆ ಮುಂದೇನೇ ಆಗ್ಬೇಕಲ್ಲವ್ವ."

ಅವಳು ಸ್ವಲ್ಪ ಹೊತ್ತು ಏನೋ ಒತ್ತುತ್ತಿದ್ದ ಸದ್ದು ಕೇಳಿಸಿತು. "ಅದು ಆಪ್ಷನ್ನಲ್ಲಿ ಇಲ್ಲ ಮೇಡಂ. ಇತರೆ ಅಂತ ಹಾಕ್ತೀನಿ," ಎಂದಳು.

ಫೋಟೋ ಬೇಕು ಎಂದಳು. ಯಜಮಾನರು ಹಬ್ಬಕ್ಕೆ ಹಾಕುವ ಶರ್ಟು ಹಾಕಿಕೊಂಡು, ತಲೆ ಬಾಚಿ, ಜೋಡಿಸಿಟ್ಟ ಕುರ್ಚಿಗಳ ಪಕ್ಕ ನಿಂತರು. ನಗಿ ಎಂದೆ. ಅವರು ನಕ್ಕದ್ದು ಫೋಟೋದಲ್ಲಿ ಬಂದಿಲ್ಲ. ಕಂಪನಿಯವರು ಆ ಫೋಟೋವನ್ನು ಹಾಕಿದರು. ಅದರ ಮೇಲೆ ತಮ್ಮ ಕಡೆಯಿಂದ ಇನ್ನೊಂದನ್ನೂ ಹಾಕಿದರು. ಅದರಲ್ಲಿ ಅರಮನೆಯಂಥ ಬಿಳಿಯ ಡೇರೆ, ಒಳಗೆ ಗಾಜಿನ ತೂಗುದೀಪಗಳು. ಕೆಳಗೆ ನಮ್ಮ ಅಂಗಡಿಯ ಹೆಸರು. ಮೊದಲ ವಾರವೇ ಒಬ್ಬ ಹೆಂಗಸು ಫೋನು ಮಾಡಿ ಆ ದೀಪಗಳಷ್ಟೇ ಬಾಡಿಗೆಗೆ ಸಿಗುತ್ತವಾ ಎಂದು ಕೇಳಿದಳು. ಇಲ್ಲ ಎಂದೆ. ಬುಕ್ ಆಗಿವೆಯೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಅಂಥ ದೀಪ ನಮ್ಮಲ್ಲಿ ಇಲ್ಲ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು.

ಫೋನುಗಳೇನೋ ಬಂದವು. ಬೆಟ್ಟ ಹತ್ತುವ ಹುಡುಗರು ಮಲಗುವುದಕ್ಕೆ ಚಿಕ್ಕ ಟೆಂಟು ಕೇಳಿದರು. ಪ್ಲಾಸ್ಟಿಕ್ ಕುರ್ಚಿ ಮಾರುವವನೊಬ್ಬ ಹಿಂದಿಯಲ್ಲಿ ಮಾತಾಡಿದ. ನನಗೆ ಹಿಂದಿ ಬಾರದು ಎಂದು ಕನ್ನಡದಲ್ಲಿ ಹೇಳಿದೆ. ಅವನು ಅರ್ಥವಾದವನಂತೆ ಮತ್ತಷ್ಟು ಹಿಂದಿ ಮಾತಾಡಿದ. ಸಾಲ ಕೊಡುವವರು ಮಾಡಿದರು. ಇದೇ ಥರದ ಬೇರೆ ಕಂಪನಿಯವರು ಮಾಡಿ, ನೀವು ಸೇರಿರುವ ಕಂಪನಿ ಸರಿಯಿಲ್ಲ ಎಂದರು. ಯಜಮಾನರು ಪ್ರತಿದಿನ ಸಂಜೆ, "ಏನಾರ ಬಂತಾ?" ಎಂದು ಕೇಳುತ್ತಿದ್ದರು. "ಬಂತು," ಎನ್ನುತ್ತಿದ್ದೆ. ಯಾರದು ಎಂದು ಅವರು ಕೇಳುತ್ತಿರಲಿಲ್ಲ.

ಮೊದಲ ನಿಜವಾದ ಗಿರಾಕಿ ಸುತ್ತೂರು ಕಡೆಯ ಒಂದು ಹಳ್ಳಿಯವರು. ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಅವರ ಹೆಸರು, ನಂಬರು ಕಂಪನಿಯಿಂದ ನಮ್ಮ ಫೋನಿಗೆ ಬಂತು. ಬೇಗ ಮಾತಾಡಿ, ತಡ ಮಾಡಬೇಡಿ ಎಂದು ಕೆಳಗೆ ಬರೆದಿತ್ತು. ಯಜಮಾನರು ಅಂದು ಅಂಗಡಿಯಲ್ಲೇ ಇದ್ದರು. ನನ್ನ ಪಕ್ಕ ಬಂದು ನಿಂತರು. ನಾನು ಫೋನು ಮಾಡಿದೆ.

"ನೀವೂ ಶಾಮಿಯಾನದೋರಾ?" ಎಂದರು ಆ ಮನುಷ್ಯ. ದನಿಯಲ್ಲಿ ಸುಸ್ತಿತ್ತು. "ಬೆಳಗಿಂದ ಅದೆಷ್ಟ್ ಜನ ಮಾಡುದ್ರಮ್ಮ. ನಾನು ಒಂದೇ ಒಂದ್ ಕಿತ ಒತ್ತಿದ್ದು. ತಾಳಿ ಒಂದ್ನಿಮ್ಷ, ಇನ್ನೊಂದ್ ಫೋನಲ್ಲೂ ಒಬ್ರು ಅವ್ರೆ."

ಅಷ್ಟರಲ್ಲಿ ರಸ್ತೆಯಾಚೆಯಿಂದ ಎದುರಂಗಡಿಯವನ ದನಿ ಕೇಳಿಸಿತು. ಅವನು ಬಾಗಿಲಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದ: "ಕುರ್ಚಿ ಎಲ್ಲಾ ಒಸ್ವು ಸಾ. ಹೋದ್ ತಿಂಗ್ಳು ತಂದಿರೋದು."

ನಾನು ನನ್ನ ಫೋನಿನಲ್ಲಿ ಕೇಳಿದೆ. "ಆ ಫೋನ್ನೋರು ಕುರ್ಚಿ ಒಸ್ವು ಅಂತಾವ್ರಾ?"

"ಊಂ ಕಣಮ್ಮ. ನಿಮ್ಗೆಂಗ್ ಗೊತ್ತಾಯ್ತು?"

"ಎದುರ್ಗವ್ರೆ."

ಆ ಕುರ್ಚಿಗಳಲ್ಲಿ ಅರ್ಧ ನಮ್ಮವು, ವಾರದ ಹಿಂದೆ ಅವನು ತೆಗೆದುಕೊಂಡು ಹೋಗಿದ್ದ ಎಂಬುದನ್ನು ನಾನು ಹೇಳಲಿಲ್ಲ. ಆ ಮನುಷ್ಯ ಎರಡೂ ಫೋನನ್ನು ಹತ್ತಿರ ಹಿಡಿದುಕೊಂಡರೋ ಏನೋ, ಎದುರಂಗಡಿಯವನ ದನಿ ಈಗ ನನಗೆ ಎರಡು ಕಡೆಯಿಂದ ಕೇಳತೊಡಗಿತು. ಅವನು ಬಾಡಿಗೆ ಇಳಿಸಿದ. ಯಜಮಾನರು ನನ್ನ ಕಿವಿಯ ಹತ್ತಿರ, "ನಾವೂ ಇಳಿಸ್ತೀವಿ ಅನ್ನು," ಎಂದರು. ನಾನು ಹಾಗೇ ಅಂದೆ. ಅವನು ತಲೆಯೆತ್ತಿ ನಮ್ಮ ಕಡೆ ನೋಡಿದ. ಯಜಮಾನರು ಅವನ ಕಡೆ ನೋಡಿದರು. ನಡುವೆ ಒಂದು ಬಸ್ಸು ಹೋಯಿತು.

ಸುತ್ತೂರು ಕಡೆಯವರೇ ಕೊನೆಗೆ, "ನೀವಿಬ್ರೂ ಎದುರುಬದುರು ಇದ್ದೀರಾ? ಅಂಗಾದ್ರೆ ನೀವೇ ಮಾತಾಡ್ಕಂಡು ಒಬ್ರು ಫೋನ್ ಮಾಡಿ," ಎಂದು ಎರಡೂ ಫೋನನ್ನು ಇಟ್ಟುಬಿಟ್ಟರು.

ಯಜಮಾನರು ರಸ್ತೆ ದಾಟಿ ಹೋದರು. ಜಗಳ ಆಗುತ್ತದೆ ಎಂದು ನಾನೂ ಹಿಂದೆಯೇ ಹೋದೆ. ಎದುರಂಗಡಿಯವನು ಎದ್ದು ನಿಂತು, "ಬಾ ಅಣ್ಣ, ಕೂತ್ಕೊ," ಎಂದು ಕುರ್ಚಿ ಹಾಕಿದ. ಅದು ನಮ್ಮದೇ ಕುರ್ಚಿ. ಯಜಮಾನರು ಕೂತರು.

"ಏನ್ಲಾ ಇದು," ಎಂದರು.

"ನಂಗೇನ್ ಗೊತ್ತಣ್ಣ, ನಿಂಗೂ ಕಳಿಸ್ತಾರೆ ಅಂತ. ನಂಗೊಬ್ಬಂಗೇ ಅಂತ ಯೋಳಿದ್ರು."

"ನಮ್ಗೂ ಅಂಗೇ ಯೋಳಿದ್ರು ಕಣೋ," ಎಂದೆ ನಾನು.

ಅಲ್ಲೇ ಕೂತು ಒಪ್ಪಂದ ಮಾಡಿಕೊಂಡರು. ಶಾಮಿಯಾನ, ದೀಪ ಅವನದು. ಕುರ್ಚಿ, ಪಾತ್ರೆ ನಮ್ಮದು. ನಾನು ಗಿರಾಕಿಗೆ ಫೋನು ಮಾಡಿ ಹೇಳಿದೆ. ಅವರು ಅಷ್ಟು ಹೊತ್ತಿಗೆ ಭಾಮೈದನನ್ನು ಕರೆಸಿದ್ದರು. ಭಾಮೈದ ಅವರ ಊರಿನ ಪಕ್ಕದ ಊರಿನಲ್ಲೇ ಯಾರನ್ನೋ ಗೊತ್ತು ಮಾಡಿಬಿಟ್ಟಿದ್ದ. "ಬೇಜಾರ್ ಮಾಡ್ಕಬೇಡಿ ಅಮ್ಮ. ಇನ್ನು ಯಾರೂ ಫೋನ್ ಮಾಡ್ಬ್ಯಾಡಿ ಅಂತ ನಿಮ್ ಕಂಪ್ನಿಯೋರಿಗೆ ಒಂದ್ ಮಾತ್ ಯೋಳ್ಬುಡಿ," ಎಂದರು. ಹೇಳುತ್ತೇನೆ ಎಂದೆ. ಆವತ್ತಿನಿಂದ ನಾವು ಎರಡೂ ಅಂಗಡಿಯವರು ಕಂಪನಿಯಿಂದ ನಂಬರು ಬಂದ ಕೂಡಲೇ ಮೊದಲು ಬಾಗಿಲಿಗೆ ಬಂದು ಎದುರಿಗೆ ನೋಡುತ್ತಿದ್ದೆವು. ಯಾರು ಫೋನು ಮಾಡಬೇಕು ಎಂದು ಕೈಸನ್ನೆಯಲ್ಲೇ ತೀರ್ಮಾನವಾಗುತ್ತಿತ್ತು.

ತಿಂಗಳಿಗೊಮ್ಮೆ ಆ ಹುಡುಗಿ ಸರ್ವಿಸ್ ಹೇಗಿದೆ ಎಂದು ಕೇಳಲು ಫೋನು ಮಾಡುತ್ತಿದ್ದಳು. ಅದು ಅವಳ ಕೆಲಸದಲ್ಲೇ ಸೇರಿತ್ತು. ನಾನು ಬೆಟ್ಟ ಹತ್ತುವ ಹುಡುಗರಿಂದ ಹಿಡಿದು ಸುತ್ತೂರು ಕಡೆಯವರ ಭಾಮೈದನವರೆಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಿಮ್ಮ ರೆಸ್ಪಾನ್ಸ್ ರೇಟ್ ತುಂಬಾ ಚೆನ್ನಾಗಿದೆ ಮೇಡಂ. ಚಿನ್ನದ ಪ್ಲಾನ್ ತಗೊಂಡ್ರೆ ಇನ್ನೂ ಚೆನ್ನಾಗಿರುತ್ತೆ," ಎಂದಳು.

ನನಗೆ ಕೋಪ ಬರಬೇಕಾಗಿತ್ತು. ಆದರೆ ಮಧ್ಯಾಹ್ನವಾಗಿತ್ತು. ಆ ಹೊತ್ತಿನಲ್ಲಿ ಯಾರೊಂದಿಗೆ ಮಾತಾಡಿದರೂ ಬಾಯಿಗೆ ಬರುವ ಮಾತೇ ಬಂತು.

"ಊಟ ಆಯ್ತೇನವ್ವ?"

ಅವಳು ಬೇರೆಯೇ ದನಿಯಲ್ಲಿ, "ಇಲ್ಲ ಮೇಡಂ. ಇನ್ನೂ ಇಲ್ಲ," ಎಂದಳು.

"ಏನ್ ತಂದಿದ್ದೀಯ?"

"ಮುದ್ದೆ, ಉಪ್ಸಾರು."

"ಯಾವೂರು ನಿಂದು?"

"ದೇವನೂರತ್ರ. ನಂಜನಗೂಡಿಗೆ ಬಂದು, ಅಲ್ಲಿಂದ ಮೈಸೂರಿಗೆ ದಿನಾ ಓಡಾಡ್ತೀನಿ."

ಇಷ್ಟು ದಿನ ಅವಳು ಬೆಂಗಳೂರಿನವಳು, ಗಾಜಿನ ಕಟ್ಟಡದಲ್ಲಿ ಕೂತಿರುವವಳು ಎಂದು ನಾನು ಅಂದುಕೊಂಡಿದ್ದೆ. ನನ್ನ ತವರು ಅಲ್ಲೇ ಹತ್ತಿರ, ಬದನವಾಳಿನ ಕಡೆ. ಅದನ್ನು ಹೇಳಿದೆ. ಅವಳು ಸಣ್ಣದಾಗಿ, "ಔದಾ!" ಎಂದಳು. ಆ ಮಾತಿನಲ್ಲಿ ಹಕಾರ ಇರಲಿಲ್ಲ. ಅಂದಿನಿಂದ ಅವಳ ಫೋನಿಗೆ ಎರಡು ಭಾಗ ಬಂತು. ಮೊದಲ ಭಾಗದಲ್ಲಿ ನಾನು ಮೇಡಂ. ಅವಳು ಚಿನ್ನದ ಪ್ಲಾನು ತೆಗೆದುಕೊಳ್ಳಿ ಎನ್ನುತ್ತಿದ್ದಳು, ನಾನು ಬೇಡ ಎನ್ನುತ್ತಿದ್ದೆ. ಅದು ಮುಗಿದ ಮೇಲೆ ನಾನು ಅಮ್ಮ. ಬಸ್ಸಿನಲ್ಲಿ ಸೀಟು ಸಿಕ್ಕಿತೇ, ತಲೆನೋವು ಹೋಯಿತೇ ಎಂದು ಕೇಳುತ್ತಿದ್ದೆ. ಮೇಲಿನವರು ಮಾತನ್ನು ಕೇಳಿಸಿಕೊಳ್ಳುತ್ತಿರುತ್ತಾರೆ ಎಂದು ಎರಡನೆಯ ಭಾಗವನ್ನು ಅವಳು ಬೇಗ ಮುಗಿಸುತ್ತಿದ್ದಳು.

ವರ್ಷ ತುಂಬುತ್ತಾ ಬಂತು. ಮತ್ತೆ ಹಣ ಕಟ್ಟಬೇಕಾದ ಹೊತ್ತು. ಎದುರಂಗಡಿಯವನು ಆಗಲೇ ಕಟ್ಟಿದ್ದ, ಚಿನ್ನದ್ದನ್ನೇ. ಅವನಿಗೆ ಅದರಿಂದ ಕೆಲಸ ಆಗಿತ್ತು, ಅದನ್ನು ಇಲ್ಲ ಎನ್ನಲಾರೆ. ಅವನು ದೀಪ, ಹೂವಿನ ಕಮಾನು, ಸೌಂಡು ಎಲ್ಲ ಮಾಡುತ್ತಾನೆ. ಮೈಸೂರಿನಿಂದ ಹೊರಗೆ ತೋಟದ ಮನೆಗಳಲ್ಲಿ ಕಾರ್ಯ ಮಾಡುವವರು ಅವನನ್ನು ಫೋನಿನಲ್ಲೇ ಹುಡುಕಿ, ಫೋನಿನಲ್ಲೇ ಮಾತಾಡಿ, ಅಡ್ವಾನ್ಸ್ ಕಳಿಸುತ್ತಿದ್ದರು. ನಮಗೆ ಆ ವರ್ಷ ಕಂಪನಿಯಿಂದ ಬಂದು ಕೈಗೆ ಹತ್ತಿದ ಕೆಲಸ ಯಾವುದು ಎಂದು ಕೂತು ಯೋಚಿಸಿದೆ. ಒಂದು ಆರತಿ ನೆನಪಾಯಿತು. ಅವರು ಯಜಮಾನರ ಸೋದರತ್ತೆಯ ಕಡೆಯವರು. ಹೇಗೂ ನಮಗೇ ಹೇಳುತ್ತಿದ್ದರು.

ಹುಡುಗಿ ಫೋನು ಮಾಡಿದಳು. ಮೊದಲ ಭಾಗದ ದನಿಯಲ್ಲೇ ಪ್ಲಾನುಗಳ ಹೆಸರು ಹೇಳಿದಳು. ನಾನು ನಡುವೆ ಬಾಯಿ ಹಾಕಿದೆ.

"ಒಂದ್ ಮಾತ್ ಕೇಳ್ತೀನಿ, ನೇರ ಯೋಳು. ನಿಮ್ಮಪ್ಪಂಗೆ ಒಂದ್ ಅಂಗ್ಡಿ ಇದ್ದಿದ್ರೆ ಇದ್ನ ಆಕ್ಸ್ತಿದ್ದಾ?"

ಅವಳ ಹಿಂದೆ ಬೇರೆ ಹುಡುಗಿಯರು ಬೇರೆ ಅಂಗಡಿಗಳಿಗೆ ಅದೇ ಮಾತುಗಳನ್ನು ಹೇಳುತ್ತಿದ್ದುದು ಕೇಳುತ್ತಿತ್ತು.

"ಮೇಡಂ, ನಿಮಗೆ ಸಂಜೆ ಕರೆ ಬರುತ್ತೆ," ಎಂದು ಇಟ್ಟುಬಿಟ್ಟಳು.

ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಬಸ್ ಸ್ಟ್ಯಾಂಡಿನ ಗದ್ದಲ. ಕಂಡಕ್ಟರನೊಬ್ಬ ನಂಜನಗೂಡು ನಂಜನಗೂಡು ಎಂದು ಕೂಗುತ್ತಿದ್ದ.

"ಅಮ್ಮ, ನಾನು. ನಮ್ಮಪ್ಪಂಗೆ ಅಂಗ್ಡಿ ಅದೆ. ಪಂಚರ್ ಅಂಗ್ಡಿ."

"ಆಕ್ಸಿದ್ದೀಯಾ?"

"ಇಲ್ಲ."

"ಯಾಕೆ?"

"ಪಂಚರ್ ಆದೋರು ಫೋನಲ್ಲಿ ಹುಡುಕ್ಕಂಡ್ ಕೂರಲ್ಲ ಅಮ್ಮ. ತಳ್ಕಂಡ್ ಬತ್ತಾರೆ."

ಅವಳೇ ಮುಂದುವರಿಸಿದಳು.

"ನಿಮ್ ಎದುರ್ಗಡೆಯೋರಿಗೆ ಬೇಕು. ಅವ್ರನ್ನ ಗೊತ್ತಿಲ್ದೋರು ಹುಡುಕ್ತಾರೆ. ನಿಮ್ಮನ್ನ ಹುಡುಕೋರೆಲ್ಲ ಗೊತ್ತಿರೋರೇ. ಅವ್ರಿಗೆ ನಂಬರ್ ಮರ್ತೋಗಿರ್ತದೆ, ಅಷ್ಟೇ. ಅದಕ್ಕೆ ದುಡ್ಡು ಕೊಡೋದ್ ಬ್ಯಾಡ. ಮ್ಯಾಪಲ್ಲಿ ಸುಮ್ನೆ ಹಾಕ್ಕಬೋದು, ನಾನ್ ಯೋಳ್ಕೊಡ್ತೀನಿ."

"ನಿಂಗೇನೂ ತೊಂದ್ರೆ ಆಗಲ್ವಾ?"

"ಈ ತಿಂಗ್ಳು ಟಾರ್ಗೆಟ್ಗೆ ಒಂದು ಕಮ್ಮಿ ಅದೆ," ಎಂದಳು. ಆಮೇಲೆ ತಾನೇ, "ಕಮ್ಮಿ ಆಗ್ಲಿ ಬುಡಿ. ಬಸ್ ಬಂತು," ಎಂದಳು.

ನನಗೆ ಆ ರಾತ್ರಿ ಊಟ ರುಚಿಸಲಿಲ್ಲ. ಕಟ್ಟಿಬಿಡಲೇ ಎಂದೂ ಅನ್ನಿಸಿತು. ಬೇಡವೆಂದು ಅವಳೇ ಹೇಳಿದ್ದಕ್ಕೆ ಅವಳಿಗೋಸ್ಕರ ಕಟ್ಟುವುದು ಎಂಥ ಮಾತು ಎಂದೂ ಅನ್ನಿಸಿತು. ಯಜಮಾನರಿಗೆ ಎಲ್ಲವನ್ನೂ ಹೇಳಿದೆ.

"ಅಂಗಾದ್ರೆ ಫೋಟೋ ತೆಗ್ದಾಕ್ಬುಟ್ಟಾರಾ?" ಎಂದು ಕೇಳಿದರು.

ಅವರಿಗೆ ಬೇಕಾಗಿದ್ದದ್ದು ಆ ಫೋಟೋ ಎಂದು ಆಗ ನನಗೆ ತಿಳಿಯಿತು. ಆ ವರ್ಷವೆಲ್ಲ ಅವರು ಮದುವೆಮನೆಗಳಲ್ಲಿ ಅಡುಗೆಯವರ ಫೋನು ಇಸಿದುಕೊಂಡು ತಮ್ಮ ಅಂಗಡಿಯನ್ನು ಹುಡುಕಿಸಿ ನೋಡುತ್ತಿದ್ದರಂತೆ. ಎದುರಂಗಡಿಯವನೇ ಆಮೇಲೆ ಹೇಳಿದ. ತೂಗುದೀಪದ ಡೇರೆ ಬಂದರೆ, "ಅದಲ್ಲ, ಇನ್ನೂ ಕೆಳಿಕ್ಕೋಗು," ಎನ್ನುತ್ತಿದ್ದರಂತೆ. ಕೆಳಗೆ ಅವರು ಕುರ್ಚಿಗಳ ಪಕ್ಕ ನಿಂತಿರುತ್ತಿದ್ದರು.

"ಮ್ಯಾಪಲ್ಲೂ ಫೋಟೋ ಹಾಕ್ಬೋದಂತೆ," ಎಂದೆ.

"ಇಷ್ಟೇ ದೊಡ್ದಾಗಾ?"

"ಇದುಕ್ಕಿಂತ ದೊಡ್ದಾಗಿ."

ಅದು ನನಗೆ ಗೊತ್ತಿರಲಿಲ್ಲ. ಅಂದರೂ ಅಂದೆ. ಹುಡುಗಿ ಎರಡು ಸಂಜೆ ಫೋನಿನಲ್ಲಿ ಹೇಳಿಕೊಟ್ಟಳು. ಮೊದಲ ಸಂಜೆ ನಾನು ಅಂಗಡಿಯನ್ನು ನದಿಯ ನಡುವೆ ಇಟ್ಟುಬಿಟ್ಟೆ. ಎರಡನೆಯ ಸಂಜೆ ದಡಕ್ಕೆ ತಂದು, ರಸ್ತೆಗೆ ಸೇರಿಸಿದೆವು. ಫೋಟೋ ಬಂತು. ನಿಜಕ್ಕೂ ದೊಡ್ಡದಾಗಿಯೇ ಬಂತು. ಕಂಪನಿಗೆ ಹಣ ಕಟ್ಟಲಿಲ್ಲ.

ಆಮೇಲೆ ಅವಳ ಫೋನು ನಿಂತಿತು. ಅವಳು ಮಾಡಬೇಕಾದ ಕಾರಣವೇ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂರುವಾಗ ಫೋನನ್ನು ಪಕ್ಕದಲ್ಲಿಟ್ಟುಕೊಳ್ಳುವ ಅಭ್ಯಾಸ ನನಗೆ ಸ್ವಲ್ಪ ದಿನ ಹೋಗಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಅವಳೇ ಫೋನು ಮಾಡಿದಳು.

"ಅಮ್ಮ, ನಂಗೆ ಮದ್ವೆ. ಚಪ್ರಕ್ಕೂ ಅಡ್ಗೆ ಪಾತ್ರೆಗೂ ನೀವೇ ಬರ್ಬೇಕು. ಎಷ್ಟ್ ಕಮ್ಮಿ ಮಾಡ್ತೀರಾ?"

ಅವಳ ಹಾಗೆ ಚೌಕಾಸಿ ಮಾಡಿದ ಗಿರಾಕಿಯನ್ನು ನಾನು ನೋಡಿಲ್ಲ. ನಾನು ಇಲ್ಲ ಎಂದಾಗಲೆಲ್ಲ, "ನಿಮಗೆ ಯಾವ ರೇಟ್ ಕಂಫರ್ಟಬಲ್ ಅಂತ ನೀವೇ ಹೇಳಿ," ಎಂದು ಮೊದಲ ಭಾಗದ ದನಿ ತೆಗೆಯುತ್ತಿದ್ದಳು. ಆ ದನಿಗೆ ವರ್ಷವಿಡೀ ಬೇಡ ಎಂದು ಅಭ್ಯಾಸವಾಗಿದ್ದ ನಾನು ಅಂದು ಸೋತೆ. ಎದುರಂಗಡಿಯವನು ದೀಪದ ಸರಗಳನ್ನು ಸುಮ್ಮನೆ ಕೊಟ್ಟ. "ನಂಗೆ ಚಿನ್ನದ್ ಪ್ಲಾನ್ ಆಕ್ಸಿದ್ದು ಆ ಉಡ್ಗೀನೇ ಅತ್ತಿಗೆ," ಎಂದ.

ನಾನು ಕೆಲಸದ ಜಾಗಕ್ಕೆ ಹೋಗುವವಳಲ್ಲ. ಆ ಸಲ ಗೂಡ್ಸ್ ಆಟೋದಲ್ಲಿ ಡ್ರೈವರ್ ಪಕ್ಕ ಕೂತು ಹೋದೆ. ಹಿಂದೆ ಗಳ, ಕೊಳಗಗಳ ಜೊತೆ ಯಜಮಾನರು. ನಂಜನಗೂಡು ದಾಟಿ ಅವರ ಊರು ಸೇರಿದಾಗ ಮನೆ ಮುಂದೆ ಹೆಂಗಸರ ಗುಂಪು. ಯಾರು ಮದುಮಗಳು ಎಂದು ತಿಳಿಯಲಿಲ್ಲ. ನಾನು ಸಣ್ಣಗೆ, ಕುಳ್ಳಗೆ ಒಬ್ಬ ಹುಡುಗಿಯನ್ನು ಹುಡುಕುತ್ತಿದ್ದೆ. ಒಳಗಿನಿಂದ ಯಾರೋ ಫೋನಿನಲ್ಲಿ, "ಸರ್, ಹೂವು ಎಷ್ಟೊತ್ತಿಗೆ ಡೆಲಿವರಿ ಆಗುತ್ತೆ ಅಂತ ಕನ್ಫರ್ಮ್ ಮಾಡ್ತೀರಾ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿರುವುದು ಕೇಳಿಸಿತು. ಒಳಗೆ ಹೋದೆ. ತಲೆ ಬಾಗಿಲ ಪಟ್ಟಿ ಮುಟ್ಟುವಷ್ಟು ಎತ್ತರದ, ಮೈಕೈ ತುಂಬಿದ ಹುಡುಗಿ, ಮುಖಕ್ಕೆಲ್ಲ ಅರಿಶಿನ ಹಚ್ಚಿಕೊಂಡು ನಿಂತಿದ್ದಳು.

"ನೀನೇ ಏನವ್ವ?" ಎಂದೆ.

ದನಿ ಕೇಳಿದ ಕೂಡಲೇ ಫೋನು ಇಳಿಸಿದಳು. "ಅಮ್ಮ! ನೀವು ದಪ್ಪಗೆ, ಜೋರಾಗಿ ಇರ್ತೀರಾ ಅನ್ಕಂಡಿದ್ದೆ," ಎಂದಳು. ಮುಖ ನೋಡಿಕೊಂಡು ಮಾತಾಡಿ ನಮಗೆ ರೂಢಿಯಿರಲಿಲ್ಲ. ಅವಳೇ, "ಊಟ ಆಯ್ತಾ?" ಎಂದು ಕೇಳಿದಳು. ನನ್ನ ಕಣ್ಣು ತುಂಬಿತು. ಹೊಗೆ ಎಂದೆ. ಇನ್ನೂ ಒಲೆ ಹಚ್ಚಿರಲಿಲ್ಲ.

ಚಪ್ಪರ ಹಾಕುವಾಗ ಅವಳ ಅಪ್ಪ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೈಯ ಗೆರೆಗಳಲ್ಲಿ ಕಪ್ಪು ಗ್ರೀಸು ಉಳಿದಿತ್ತು. ಮಗಳ ಮದುವೆಗೂ ಅದು ಹೋಗಿರಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನಿಮ್ ಅಂಗ್ಡಿ ಆನ್‌ಲೈನಲ್ಲಿ ಅದಂತಲ್ಲ ಅಮ್ಮ. ನಮ್ದೂ ಆಕ್ಸು ಅಂತ ಮಗ್ಳಿಗೆ ಯೋಳಿ ಯೋಳಿ ಸಾಕಾಯ್ತು. ಊರೋರ್ಗೆಲ್ಲ ಆಕ್ತಾಳೆ, ಅಪ್ಪಂದ್ ಬ್ಯಾಡ ಅಂತಾಳೆ. ನೀವೇನಂತೀರಿ?"

"ಮಗ್ಳು ಯೋಳ್ದಂಗ್ ಕೇಳಿ. ಅವ್ಳಿಗೆ ಗೊತ್ತದೆ," ಎಂದೆ.

ಅವರು ಹೂಂ ಎಂದರು. ಆದರೆ ಸಪ್ಪಗಾದರು. ಎದ್ದು ಹೋಗಿ ಯಜಮಾನರ ಏಣಿ ಹಿಡಿದುಕೊಂಡು ನಿಂತರು. ಏಣಿಯ ಮೇಲೊಬ್ಬರು, ಕೆಳಗೊಬ್ಬರು ಬಹಳ ಹೊತ್ತು ಏನೋ ಮಾತಾಡುತ್ತಿದ್ದರು. ಮದುವೆಯ ಊಟ ಮುಗಿದ ಮೇಲೆ ಯಜಮಾನರು ಕಾಣಲಿಲ್ಲ. ವಿಚಾರಿಸಿದರೆ, ಮೂಲೆಯ ಪಂಚರ್ ಅಂಗಡಿಯ ಮುಂದೆ ಆ ಮನುಷ್ಯನನ್ನು ಮದುವೆಯ ಶರ್ಟಿನಲ್ಲಿ ನಿಲ್ಲಿಸಿ, ನನ್ನ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಾರೆ ಎಂದರು. ಹೋಗಿ ನೋಡಿದೆ. "ನಗಿ," ಎನ್ನುತ್ತಿದ್ದರು. ಹುಡುಗಿಯ ಅಪ್ಪ ನಗುತ್ತಲೇ ಇದ್ದರು. ಮದುಮಗಳಿಗೆ ಹೇಳಬೇಡ ಎಂದು ಇಬ್ಬರೂ ನನಗೆ ಹೇಳಿದರು. ನಾನು ಹೇಳಿಲ್ಲ. ಪಂಚರ್ ಅಂಗಡಿಯನ್ನು ಮ್ಯಾಪಿನಲ್ಲಿ ಹಾಕಿಕೊಟ್ಟವಳೂ ನಾನೇ. ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಬಿತ್ತು.

ಈಗ ಅವಳು ಮೈಸೂರಿನಲ್ಲಿದ್ದಾಳೆ. ಆ ಕೆಲಸ ಬಿಟ್ಟು ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ನರಸೀಪುರದ ಬೇರೆ ಅಂಗಡಿಯವರು, ಬಳೆ ಅಂಗಡಿಯವಳು, ಹಿಟ್ಟಿನ ಗಿರಣಿಯವರು ಆಗಾಗ ಬಂದು ಹಣ ಕಟ್ಟಬೇಕೇ ಬೇಡವೇ ಎಂದು ನನ್ನನ್ನು ಕೇಳುತ್ತಾರೆ. ನಿಮ್ಮನ್ನು ಗೊತ್ತಿಲ್ಲದವರು ಹುಡುಕುತ್ತಾರಾ ಎಂದು ಕೇಳುತ್ತೇನೆ. ಹೆಚ್ಚಿನವರು ಯೋಚಿಸಿ ಹೇಳುತ್ತೇನೆ ಎಂದು ಹೋಗುತ್ತಾರೆ. ಬಳೆ ಅಂಗಡಿಯವಳು ಮಾತ್ರ ಕಟ್ಟಿದಳು. ಯಾರನ್ನೂ ಕೇಳದೆ ಕಟ್ಟಿದ್ದರೆ ಚೆನ್ನಾಗಿತ್ತು, ನಿನ್ನನ್ನು ಕೇಳಿ ತಡವಾಯಿತು ಎಂದಳು.

ನಮಗೆ ಈಚೆಗೆ ಬೇರೆ ತಲೆನೋವು. ಮ್ಯಾಪಿನಲ್ಲಿ ಗಿರಾಕಿಗಳು ನಕ್ಷತ್ರ ಕೊಡುತ್ತಾರೆ. ನಂಜನಗೂಡಿನವರೊಬ್ಬರು ಐದರಲ್ಲಿ ಎರಡು ಕೊಟ್ಟು, ಊಟದ ಹೊತ್ತಿಗೆ ಮಳೆ ಬಂದು ಎಲ್ಲ ನೆನೆಯಿತು ಎಂದು ಬರೆದಿದ್ದರು. ಅಂದು ತಾರ್ಪಾಲು ಹಾಕಿಸಿಕೊಳ್ಳಿ ಎಂದು ಯಜಮಾನರು ಹೇಳಿದ್ದರು, ಅವರು ಬೇಡ ಎಂದಿದ್ದರು. ಅದನ್ನು ಓದಿದ ದಿನ ಯಜಮಾನರು ಕೆಲಸಕ್ಕೇ ಹೋಗಲಿಲ್ಲ. ಉತ್ತರ ಬರೆಯಬೇಕು ಎಂದರು. ಅವರು ಹೇಳಿದ್ದನ್ನು ನಾನು ಒತ್ತಿದೆ, ಅಳಿಸಿದೆ, ಮತ್ತೆ ಒತ್ತಿದೆ. ಕೊನೆಗೆ ಉಳಿದದ್ದು ಇಷ್ಟು: "ಮಳೆ ಬಂದದ್ದಕ್ಕೆ ಬೇಜಾರಾಯಿತು. ತಾರ್ಪಾಲು ಇದೆ."

ಮೊನ್ನೆ ಅದೇ ಮನುಷ್ಯ ಫೋನು ಮಾಡಿದರು. ಮೊಮ್ಮಗನ ನಾಮಕರಣವಂತೆ. ದಿನ, ಜಾಗ ಎಲ್ಲ ಹೇಳಿ, ಇಡುವ ಮೊದಲು, "ಆ ತಾರ್ಪಾಲೂ ತನ್ನಿ," ಎಂದರು. ನಾನು ನಕ್ಷತ್ರದ ವಿಷಯ ಎತ್ತಲಿಲ್ಲ. ಯಜಮಾನರು ಹಿತ್ತಲಲ್ಲಿ ತಾರ್ಪಾಲು ಹರವಿ, ಎಲ್ಲಾದರೂ ತೂತಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದಾರೆ.